ಹಳಿ ಹಾಕಿದವರಿಗೆ ನೆಲದ ಲಾಭ: ರೈಲು ನಡೆಸಿ ಊರು ಕಟ್ಟುವ ಆಟಗಳ ಒಳಲೆಕ್ಕ

ಬೆಂಗಳೂರಿನ ಹೊರವಲಯದಲ್ಲಿ ಮಾರಾಟಕ್ಕಿರುವ ಬಡಾವಣೆಗಳ ಜಾಹೀರಾತು ಫಲಕಗಳಲ್ಲಿ ಒಂದು ಮಾತು ಬಹುತೇಕ ತಪ್ಪುವುದಿಲ್ಲ: ಮೆಟ್ರೋ ನಿಲ್ದಾಣ ಇಲ್ಲಿಂದ ಇಷ್ಟೇ ನಿಮಿಷದ ದಾರಿ. ಸೈಟು ಮಾರುವವರು ಆ ಹಳಿಗಾಗಿ ಒಂದು ಕಲ್ಲನ್ನೂ ಹೊತ್ತವರಲ್ಲ. ಆದರೂ ಹಳಿ ಬಂದದ್ದರಿಂದ ಏರಿದ ಬೆಲೆಯ ಬಹುಪಾಲು ಅವರ ಕೈಗೇ ಸೇರುತ್ತದೆ, ಹಳಿ ಹಾಕಿದವರಿಗೆ ಮುಖ್ಯವಾಗಿ ದಕ್ಕುವುದು ಟಿಕೆಟ್ಟಿನ ಹಣ. ರೈಲು ಓಡಿಸಿ ಊರು ಬೆಳೆಸುವ ಕಂಪ್ಯೂಟರ್ ಆಟಗಳನ್ನು ಹಲವು ವರ್ಷಗಳಿಂದ ಆಡುತ್ತ ಬಂದಿರುವ ನನಗೆ, ಆ ಆಟಗಳೆಲ್ಲವೂ ಒಳಗೊಳಗೆ ಇದೇ ಪ್ರಶ್ನೆಯನ್ನು ಬಿಡಿಸುತ್ತಿವೆ ಎಂದು ಮನವರಿಕೆಯಾಗಿದೆ: ಹಳಿಯಿಂದ ಹುಟ್ಟಿದ ಲಾಭ ಯಾರ ಲೆಕ್ಕದ ಪುಸ್ತಕದಲ್ಲಿ ಜಮೆಯಾಗುತ್ತದೆ? ಒಂದು ಆಟ ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತದೆ ಎಂಬುದು ತಿಳಿದರೆ ಅದನ್ನು ಆಡುವ ಬಗೆ ಅರ್ಧ ತಿಳಿದಂತೆಯೇ. ಹೊಸದಾಗಿ ಆಡುವವರು ಎರಡು ಮೂರು ಸಂಜೆಗಳಲ್ಲೇ ದಿವಾಳಿಯಾಗಿ ಆಟವನ್ನು ಕೈಬಿಡುವುದಕ್ಕೆ ಬಹುತೇಕ ಈ ಒಂದು ಸಂಗತಿಯನ್ನು ಗಮನಿಸದಿರುವುದೇ ಕಾರಣ.

ಈ ಬಗೆಯ ಆಟಗಳಲ್ಲಿ ಆಡುವವರು ಕೂರುವ ಕುರ್ಚಿಗಳು ಮೂರು. ಮೊದಲನೆಯದರಲ್ಲಿ ನೀವು ರೈಲು ಕಂಪನಿಯ ಮಾಲೀಕರು ಮಾತ್ರವಲ್ಲ, ನೆಲವನ್ನು ಕೊಂಡು ಕಟ್ಟಡ ಎಬ್ಬಿಸುವವರೂ ಹೌದು. ಎರಡನೆಯದರಲ್ಲಿ ಸಾಗಣೆಯ ಕೂಲಿಯಷ್ಟೇ ನಿಮ್ಮದು, ಊರು ತನ್ನಷ್ಟಕ್ಕೆ ಬೆಳೆಯುತ್ತದೆ. ಮೂರನೆಯದರಲ್ಲಿ ನೀವು ನಗರದ ಆಡಳಿತಗಾರರು. ರೈಲು ನಷ್ಟದಲ್ಲಿದ್ದರೂ ತೆರಿಗೆಯ ರೂಪದಲ್ಲಿ ಹಣ ನಿಮಗೇ ಬರುತ್ತದೆ.

ಮೊದಲ ಕುರ್ಚಿಯ ಹಳೆಯ ಮತ್ತು ಇಂದಿಗೂ ಅಪೂರ್ವವಾದ ಉದಾಹರಣೆ ಜಪಾನಿನ ಆರ್ಟ್‌ಡಿಂಕ್ ಸಂಸ್ಥೆಯ ಎ-ಟ್ರೈನ್. ಅದರ ಮೊದಲ ಆವೃತ್ತಿ ಬಂದದ್ದು 1985ರಲ್ಲಿ. ಮೂರನೆಯ ಆವೃತ್ತಿಯನ್ನು, ನಗರ ಕಟ್ಟುವ ಸಿಮ್‌ಸಿಟಿ ಆಟದ ಪ್ರಕಾಶಕರಾದ ಮ್ಯಾಕ್ಸಿಸ್ 1992ರಲ್ಲಿ ಇಂಗ್ಲಿಷ್ ಬಲ್ಲ ಆಟಗಾರರಿಗೆ ತಲುಪಿಸಿದರು. 2021ರಲ್ಲಿ ನಿಂಟೆಂಡೊ ಸ್ವಿಚ್ ಯಂತ್ರಕ್ಕೂ ಹೊಸ ಆವೃತ್ತಿ ಬಂದಿದೆ. ಆಟ ಆರಂಭವಾಗುವಾಗ ನಿಮ್ಮ ಮುಂದೆ ಹೆಚ್ಚಿನಂಶ ಖಾಲಿ ನೆಲ, ಅಲ್ಲಲ್ಲಿ ನಾಲ್ಕಾರು ಮನೆ, ಕೈಯಲ್ಲಿ ಒಂದಿಷ್ಟು ಬಂಡವಾಳ ಇರುತ್ತವೆ. ಪ್ರಯಾಣಿಕರ ರೈಲೊಂದನ್ನು ಬಿಟ್ಟರೆ ಮೊದಲಿಗೆ ಅದು ಖಾಲಿಯೇ ಓಡುತ್ತದೆ, ಏಕೆಂದರೆ ಹತ್ತುವುದಕ್ಕೆ ಜನವೇ ಇಲ್ಲ. ಜನ ಬರಬೇಕಾದರೆ ಮನೆ, ಅಂಗಡಿ, ಕಚೇರಿ ಏಳಬೇಕು. ಅವು ಏಳಬೇಕಾದರೆ ಕಟ್ಟಡ ಸಾಮಗ್ರಿ ಬೇಕು. ಆ ಸಾಮಗ್ರಿಯನ್ನು ಗೂಡ್ಸ್ ಗಾಡಿಯಲ್ಲಿ ತಂದು ಇಳಿಸುವ ಕೆಲಸ ನಿಮ್ಮದೇ. ನಿಲ್ದಾಣದ ಸುತ್ತ ಸಾಮಗ್ರಿ ಇಳಿದಂತೆಲ್ಲ ಊರು ತಾನಾಗಿ ಅದನ್ನು ಎತ್ತಿಕೊಂಡು ಕಟ್ಟಡಗಳನ್ನು ಎಬ್ಬಿಸಿಕೊಳ್ಳುತ್ತದೆ, ಕಟ್ಟಡ ಎದ್ದಂತೆ ಪ್ರಯಾಣಿಕರು ಹುಟ್ಟುತ್ತಾರೆ, ಪ್ರಯಾಣಿಕರು ಓಡಾಡಿದಂತೆ ನೆಲದ ಬೆಲೆ ಏರುತ್ತದೆ. ಏರುವ ಮುನ್ನವೇ ಆ ನೆಲವನ್ನು ಕೊಂಡಿಟ್ಟು ವಸತಿ ಕಟ್ಟಡವನ್ನೋ ಹೋಟೆಲನ್ನೋ ನಿಮ್ಮ ಕಂಪನಿಯ ಹೆಸರಿನಲ್ಲಿ ಕಟ್ಟಿಸಿಕೊಂಡರೆ ಬೆಲೆಯ ಏರಿಕೆ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಇದು ಆಟ ರಚಿಸಿದವರ ಬರಿಯ ಕಲ್ಪನೆಯಲ್ಲ. ಒಸಾಕಾದ ಬಳಿ ಕೊಬಯಾಶಿ ಇಚಿಜೊ ಎಂಬ ಉದ್ಯಮಿ ನಡೆಸಿದ ರೈಲು ಕಂಪನಿ, ಅಂದರೆ ಇಂದಿನ ಹಾಂಕ್ಯು, 1910ರಲ್ಲಿ ತನ್ನ ಮೊದಲ ಮಾರ್ಗವನ್ನು ತೆರೆದಾಗ ಅದರ ಒಂದು ತುದಿ ಒಸಾಕಾದ ಉಮೆದಾ ಪೇಟೆಯಲ್ಲಿತ್ತು, ಇನ್ನೊಂದು ತುದಿಯತ್ತ ಹೇಳಿಕೊಳ್ಳುವಂಥ ಜನಸಂಖ್ಯೆಯಿರಲಿಲ್ಲ. ಅವರು ಮಾರ್ಗದುದ್ದಕ್ಕೂ ನೆಲ ಕೊಂಡು, ಇಕೆದಾದಲ್ಲಿ ಮನೆಗಳನ್ನು ಕಟ್ಟಿಸಿ, ತಿಂಗಳ ಕಂತಿನ ಮೇಲೆ ಸಂಬಳದಾರರಿಗೆ ಮಾರಿದರು. ಬೆಳಿಗ್ಗೆ ಆ ಸಂಬಳದಾರರು ಪೇಟೆಯತ್ತ ಹೊರಡುತ್ತಾರೆ, ಸರಿ. ಎದುರು ದಿಕ್ಕಿಗೆ ಖಾಲಿ ಓಡುವ ರೈಲುಗಳಿಗೆ ಏನು ಗತಿ? ಅದಕ್ಕಾಗಿ ಇನ್ನೊಂದು ತುದಿಯಾದ ತಕರಜುಕಾದಲ್ಲಿ ವಿಹಾರಸ್ಥಳವನ್ನು ಬೆಳೆಸಿದರು, 1914ರಲ್ಲಿ ಅಲ್ಲಿ ಹೆಣ್ಣುಮಕ್ಕಳೇ ನಟಿಸುವ ರಂಗತಂಡದ ಪ್ರದರ್ಶನಗಳು ಆರಂಭವಾದವು, 1929ರಲ್ಲಿ ಉಮೆದಾ ನಿಲ್ದಾಣದಲ್ಲೇ ದೊಡ್ಡ ಸರಕು ಮಳಿಗೆಯೊಂದು ಬಾಗಿಲು ತೆರೆಯಿತು. ಹಾಂಗ್‌ಕಾಂಗಿನ ಮೆಟ್ರೋ ಸಂಸ್ಥೆಯೂ ನಿಲ್ದಾಣಗಳ ಮೇಲೆ ಮತ್ತು ಸುತ್ತ ಕಟ್ಟಡಗಳನ್ನು ಅಭಿವೃದ್ಧಿಪಡಿಸಿ ಹಳಿಯ ಖರ್ಚನ್ನು ತುಂಬಿಕೊಳ್ಳುವ ದಾರಿ ಹಿಡಿದಿದೆ. ಎ-ಟ್ರೈನ್ ಆಡುವಾಗ ಕೊಬಯಾಶಿಯವರ ಆ ಎರಡನೆಯ ನಡೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು: ಮಾರ್ಗದ ಒಂದು ತುದಿಯಲ್ಲಿ ಮನೆಗಳು, ಇನ್ನೊಂದು ತುದಿಯಲ್ಲಿ ಕಚೇರಿಗಳು ಇದ್ದರೆ ಸಾಲದು, ಎರಡೂ ದಿಕ್ಕಿನಲ್ಲಿ, ದಿನದ ಬೇರೆಬೇರೆ ಹೊತ್ತಿನಲ್ಲಿ ಬೋಗಿಗಳು ತುಂಬುವಂತೆ ಊರನ್ನು ಹರಡಬೇಕು.

ಹಾಗಿದ್ದರೂ ಈ ಆಟದಲ್ಲಿ ಸೋಲು ಸುಲಭ. ಲಾಭ ಕಾಗದದ ಮೇಲೆ ಇರುತ್ತದೆ, ನಗದು ಇರುವುದಿಲ್ಲ. ನೆಲದಲ್ಲಿ ಹೂಡಿದ ಹಣ ಬೆಳೆಯುವುದಕ್ಕೆ ಆಟದ ಕಾಲಮಾನದಲ್ಲಿ ವರ್ಷಗಳು ಬೇಕು, ಆದರೆ ಸಾಲದ ಬಡ್ಡಿ, ರೈಲುಗಳ ನಿರ್ವಹಣೆಯ ಖರ್ಚು, ವರ್ಷಕ್ಕೊಮ್ಮೆ ಬರುವ ತೆರಿಗೆ ಇವೆಲ್ಲವನ್ನೂ ನಗದಿನಲ್ಲೇ ಕಟ್ಟಬೇಕು. ವರ್ಷಾಂತ್ಯಕ್ಕೆ ಆಸ್ತಿಪಟ್ಟಿ ನೋಡಿ ಹಿಗ್ಗಿದವರು ಮರುತಿಂಗಳೇ ತೆರಿಗೆ ಕಟ್ಟಲಾಗದೆ ಬಾಗಿಲು ಹಾಕುವುದುಂಟು. ಆದ್ದರಿಂದ ಮೊದಲ ಎರಡು ವರ್ಷ ಸಾಮಗ್ರಿ ಸಾಗಣೆಗೆ ಒಂದೇ ಗೂಡ್ಸ್ ಗಾಡಿ, ಈಗಾಗಲೇ ಇರುವ ಎರಡು ಊರುಗಳ ನಡುವೆ ದೂರದ ಒಂದು ಪ್ರಯಾಣಿಕ ರೈಲು, ಇಷ್ಟರಲ್ಲೇ ಸಂಸಾರ ತೂಗಿಸುವುದು ಲೇಸು. ದೂರದ ರೈಲು ಏಕೆಂದರೆ ಟಿಕೆಟ್ಟಿನ ಆದಾಯ ದೂರಕ್ಕೆ ತಕ್ಕಂತೆ ಏರುತ್ತದೆ. ಆಟದಲ್ಲಿ ಷೇರುಪೇಟೆಯೂ ಇದೆ. ಅದರಲ್ಲಿ ಹಣ ಮಾಡಿ ರೈಲನ್ನು ಸಾಕುವವರಿದ್ದಾರೆ, ಆದರೆ ಆಟದ ಸಾರ ಅಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಕುರ್ಚಿಯ ಆಟ ಟ್ರಾನ್ಸ್‌ಪೋರ್ಟ್ ಟೈಕೂನ್. ಕ್ರಿಸ್ ಸಾಯರ್ 1994ರಲ್ಲಿ ರೂಪಿಸಿದ ಈ ಆಟವನ್ನು ಉತ್ಸಾಹಿಗಳು ಮುಕ್ತ ತಂತ್ರಾಂಶವಾಗಿ ಮರುನಿರ್ಮಿಸಿ, ಓಪನ್‌ಟಿಟಿಡಿ ಎಂಬ ಹೆಸರಿನಲ್ಲಿ 2004ರಿಂದ ಬೆಳೆಸುತ್ತ ಬಂದಿದ್ದಾರೆ. ಅದು ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ತೊಡಕಿಲ್ಲದೆ ನಡೆಯುತ್ತದೆ. ಕನ್ನಡದ ಓದುಗರು ಈ ಲೋಕಕ್ಕೆ ಕಾಲಿಡುವುದಾದರೆ ನಾನು ಮೊದಲು ತೋರಿಸುವ ಬಾಗಿಲು ಇದೇ.

ಇಲ್ಲಿ ನೆಲದ ಬೆಲೆಯಿಂದ ನಿಮಗೆ ಕಾಸೂ ಬರುವುದಿಲ್ಲ. ಸಾಗಿಸಿದ ಸರಕಿನ ಪ್ರಮಾಣ, ಹೊರಟ ನಿಲ್ದಾಣಕ್ಕೂ ತಲುಪಿದ ನಿಲ್ದಾಣಕ್ಕೂ ಇರುವ ಅಂತರ, ಹಿಡಿದ ಸಮಯ ಈ ಮೂರರಿಂದ ಕೂಲಿ ನಿರ್ಧಾರವಾಗುತ್ತದೆ. ಅಂತರವನ್ನು ಅಳೆಯುವುದು ನಿಲ್ದಾಣದಿಂದ ನಿಲ್ದಾಣಕ್ಕೇ ಹೊರತು ಹಳಿಯ ಉದ್ದದ ಮೇಲಲ್ಲ. ಬೆಟ್ಟ ಬಳಸಿ ಸುತ್ತಿಕೊಂಡು ಹೋದರೆ ಹೆಚ್ಚಿನ ಕೂಲಿ ಇಲ್ಲ, ತಡವಾದದ್ದಕ್ಕೆ ಕಡಿತ ಮಾತ್ರ ಇದೆ. ಪ್ರಯಾಣಿಕರ ದರ ಹೊರಟ ಕ್ಷಣದಿಂದಲೇ ಇಳಿಯತೊಡಗುತ್ತದೆ, ಕಲ್ಲಿದ್ದಲಿನ ದರ ಬಹಳ ನಿಧಾನವಾಗಿ ಇಳಿಯುತ್ತದೆ. ಆಟದ ಆರಂಭದ ಎಂಜಿನ್‌ಗಳು ನಿಧಾನಗತಿಯವಾದ್ದರಿಂದ ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಸಾಗಿಸುವುದೇ ಸುರಕ್ಷಿತ ಆರಂಭ ಎಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ಇನ್ನೊಂದು ಲೆಕ್ಕ ನಿಲ್ದಾಣದ ಅಂಕದ್ದು. ಗಣಿ ಉತ್ಪಾದಿಸಿದ್ದರಲ್ಲಿ ಎಷ್ಟು ಪಾಲನ್ನು ನಿಮ್ಮ ನಿಲ್ದಾಣಕ್ಕೆ ಕೊಡಬೇಕು ಎಂಬುದನ್ನು ಆಟ ಈ ಅಂಕದಿಂದ ತೀರ್ಮಾನಿಸುತ್ತದೆ. ರೈಲಿನ ವೇಗ, ಅದರ ವಯಸ್ಸು, ಕೊನೆಯ ಬಾರಿ ಸರಕು ಎತ್ತಿ ಎಷ್ಟು ದಿನವಾಯಿತು, ಎಷ್ಟು ಸರಕು ಕಾದು ಬಿದ್ದಿದೆ ಎಂಬುವು ಅದರ ಮುಖ್ಯ ಅಂಶಗಳು. ಒಂದು ರೈಲು ಯಾವಾಗಲೂ ತುಂಬಿಕೊಳ್ಳುತ್ತ ನಿಂತಿರಲಿ ಎಂದು ಆಜ್ಞೆ ಕೊಟ್ಟರೆ ಅಂಕ ತಾನಾಗಿ ಮೇಲಕ್ಕೇರುತ್ತದೆ. ಊರಿನ ಬೆಳವಣಿಗೆಯ ಸೂತ್ರ ಇನ್ನೂ ಸರಳ: ಕಳೆದ 50 ದಿನಗಳಲ್ಲಿ ಯಾವುದಾದರೂ ವಾಹನ ಹತ್ತಿಸಿದ ಅಥವಾ ಇಳಿಸಿದ ನಿಲ್ದಾಣಗಳು ಆ ಊರಿನಲ್ಲಿ ಎಷ್ಟಿವೆ ಎಂದು ಆಟ ಎಣಿಸುತ್ತದೆ, ಐದರವರೆಗೆ. ಎಷ್ಟು ಜನರನ್ನು ಸಾಗಿಸಿದಿರಿ ಎಂಬುದಕ್ಕಿಂತ ಎಷ್ಟು ಕಡೆ ನಿಲ್ಲಿಸಿದಿರಿ ಎಂಬುದಕ್ಕೆ ಇಲ್ಲಿ ಬೆಲೆ ಹೆಚ್ಚು. ಹೀಗಾಗಿ ಊರು ಬೆಳೆಯಲೆಂದು ಬಯಸುವವರು ರೈಲಿನ ಜೊತೆಗೆ ನಾಲ್ಕು ಮೂಲೆಗೆ ನಾಲ್ಕು ಬಸ್ ನಿಲ್ದಾಣಗಳನ್ನೂ ಇಡುತ್ತಾರೆ.

ಈಗ ಸಿಗ್ನಲ್. ಹೊಸಬರನ್ನು ಹೆದರಿಸುವುದೂ ಹಳಬರನ್ನು ರಾತ್ರಿ ಎರಡರವರೆಗೆ ಎಚ್ಚರವಾಗಿ ಕೂರಿಸುವುದೂ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ವರೆಗಿನ ಹಳಿಯನ್ನು ಬ್ಲಾಕ್ ಎನ್ನುತ್ತಾರೆ. ಒಂದು ಬ್ಲಾಕಿನಲ್ಲಿ ಒಂದು ಹೊತ್ತಿಗೆ ಒಂದೇ ರೈಲು ಇರಬಹುದು ಎಂಬುದು ನಿಯಮ. ಆಟದ ನಕ್ಷೆಯಲ್ಲಿ ಇಪ್ಪತ್ತು ಚೌಕ ಉದ್ದದ ಹಳಿಯಲ್ಲಿ ಸಿಗ್ನಲ್ಲೇ ಇಲ್ಲದಿದ್ದರೆ ಇಡೀ ಹಳಿ ಒಂದೇ ಬ್ಲಾಕ್, ಅದರಲ್ಲಿ ಒಂದೇ ರೈಲು. ಅದನ್ನು ಐದೈದು ಚೌಕಗಳ ನಾಲ್ಕು ಬ್ಲಾಕ್ ಮಾಡಿದರೆ ಒಂದೇ ದಿಕ್ಕಿನಲ್ಲಿ ಒಂದರ ಹಿಂದೊಂದು ರೈಲು ಹೋಗಬಹುದು. ಇಷ್ಟು ತಿಳಿದವರು ಉತ್ಸಾಹದಿಂದ ಒಂಟಿ ಹಳಿಯ ಮೇಲೂ ಸಾಲಾಗಿ ಸಿಗ್ನಲ್ ನೆಡುತ್ತಾರೆ, ಎರಡೂ ತುದಿಯಿಂದ ರೈಲುಗಳು ಒಳಹೊಕ್ಕು ನಡುವೆ ಮುಖಾಮುಖಿಯಾಗುತ್ತವೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಒಂಟಿ ಹಳಿಯ ಮಾರ್ಗಗಳಲ್ಲಿ ನಮ್ಮ ರೈಲು ಚಿಕ್ಕ ನಿಲ್ದಾಣವೊಂದರಲ್ಲಿ ಅರ್ಧ ತಾಸು ನಿಂತಾಗ ‘ಕ್ರಾಸಿಂಗ್ ಇದೆ’ ಎಂದು ಪಕ್ಕದ ಸೀಟಿನವರು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಆಟದಲ್ಲೂ ಪರಿಹಾರ ಅದೇ: ಎದುರು ಬರುವ ರೈಲಿಗೆ ದಾರಿ ಬಿಡಲು ಅಲ್ಲಲ್ಲಿ ಲೂಪ್ ಹಳಿ ಬೇಕು, ಆ ಲೂಪ್ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದವಿರಬೇಕು, ಸಿಗ್ನಲ್ ಇರಬೇಕಾದದ್ದು ಆ ಲೂಪಿನ ಎರಡು ತುದಿಗಳಲ್ಲಿ ಮಾತ್ರ.

ಓಪನ್‌ಟಿಟಿಡಿಯಲ್ಲಿ ಪಾತ್ ಸಿಗ್ನಲ್ ಎಂಬ ಇನ್ನೊಂದು ಬಗೆ ಇದೆ. ಅದು ಇಡೀ ಬ್ಲಾಕನ್ನು ಹಿಡಿದಿಡದೆ, ರೈಲು ನಿಜವಾಗಿ ಹಾದುಹೋಗುವ ದಾರಿಯನ್ನು ಮಾತ್ರ ಕಾಯ್ದಿರಿಸುತ್ತದೆ. ಹೀಗಾಗಿ ಒಂದೇ ಜಂಕ್ಷನ್ನಿನಲ್ಲಿ ಪರಸ್ಪರ ಅಡ್ಡಬಾರದ ಎರಡು ರೈಲುಗಳು ಒಟ್ಟಿಗೆ ಚಲಿಸಬಹುದು. ಇದನ್ನು ನೆಡುವ ಸೂತ್ರವನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ: ಈ ಕಂಬದ ಮುಂದೆ ರೈಲೊಂದು ಗಂಟೆಗಟ್ಟಲೆ ನಿಂತರೂ ಅದರ ಬಾಲ ಯಾರ ದಾರಿಗೂ ಅಡ್ಡವಾಗುವುದಿಲ್ಲವೇ? ಆಗುವುದಿಲ್ಲ ಎಂದಾದರೆ ಅಲ್ಲಿ ಸಿಗ್ನಲ್ ಇಡಬಹುದು. ಅಡ್ಡವಾಗುತ್ತದೆ ಎಂದಾದರೆ ಇಡಬಾರದು.

ಎಷ್ಟೋ ಸಲ ಊರಿನಿಂದ ಬರುವ ರೈಲು ಕೊನೆಯ ಹತ್ತು ಕಿಲೋಮೀಟರಿನವರೆಗೆ ಸರಿಯಾದ ಸಮಯಕ್ಕೆ ಬಂದು, ಬೆಂಗಳೂರಿನ ಹೊರಗೆ, ನಾವು ಔಟರ್ ಎನ್ನುವ ಜಾಗದಲ್ಲಿ ನಿಂತುಬಿಡುತ್ತದೆ. ಚೀಲ ಇಳಿಸಿಕೊಂಡು ಬಾಗಿಲ ಬಳಿ ನಿಂತವರಿಗೆ ಅದು ಅರ್ಥವಾಗದ ಸಂಕಟ. ಆಟ ಆಡಿದವರಿಗೆ ಮಾತ್ರ ಕಾರಣ ಕಣ್ಣಿಗೆ ಕಟ್ಟುತ್ತದೆ. ದೊಡ್ಡ ನಿಲ್ದಾಣದ ಸಾಮರ್ಥ್ಯ ಹಳಿಯ ವೇಗದಲ್ಲಿಲ್ಲ, ಪ್ಲಾಟ್‌ಫಾರಂಗಳ ಸಂಖ್ಯೆ ಮತ್ತು ಅವುಗಳಿಗೆ ಕವಲೊಡೆಯುವ ಆ ಇಕ್ಕಟ್ಟಾದ ಕುತ್ತಿಗೆಯಲ್ಲಿದೆ. ರೈಲೊಂದು ಪ್ಲಾಟ್‌ಫಾರಂಗೆ ಬಂದು, ನಿಂತು, ಹೊರಡುವುದಕ್ಕೆ ಒಟ್ಟು 20 ನಿಮಿಷ ಬೇಕಾದರೆ ಆ ಪ್ಲಾಟ್‌ಫಾರಂ ಗಂಟೆಗೆ ಮೂರು ರೈಲಿಗಿಂತ ಹೆಚ್ಚನ್ನು ನುಂಗಲಾರದು. ಪ್ಲಾಟ್‌ಫಾರಂ ಇಮ್ಮಡಿ ಮಾಡಿದರೆ ಆರು. ಆದರೆ ಒಳಬರುವ ರೈಲು ಹೊರಹೋಗುವ ಹಳಿಯನ್ನು ಅಡ್ಡ ದಾಟಿಯೇ ಬರಬೇಕಾದ ವಿನ್ಯಾಸವಿದ್ದರೆ ಪ್ಲಾಟ್‌ಫಾರಂ ಎಷ್ಟಿದ್ದರೂ ಕುತ್ತಿಗೆಯಲ್ಲೇ ಸಾಲು ನಿಲ್ಲುತ್ತದೆ. ಆಟದಲ್ಲಿ ಇದಕ್ಕೆ ಮದ್ದು ಎರಡು: ಅಡ್ಡ ದಾಟುವಲ್ಲಿ ಒಂದು ಹಳಿಯನ್ನು ಸೇತುವೆಯ ಮೇಲೆ ಹಾಯಿಸುವುದು, ಅಥವಾ ರೈಲು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೊರಡುವಂತೆ ನಿಲ್ದಾಣವನ್ನು ತೂರುದಾರಿಯಾಗಿ ಕಟ್ಟುವುದು.

ರೈಲುಗಳ ಸಂಖ್ಯೆಯ ಲೆಕ್ಕವನ್ನು ಬೆಂಗಳೂರಿನವರಿಗೆ ವಿವರಿಸುವುದು ಈಗ ಸುಲಭವಾಗಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೋದ ಹಳದಿ ಮಾರ್ಗ, ಸುಮಾರು 19 ಕಿಲೋಮೀಟರ್, 16 ನಿಲ್ದಾಣ, 2025ರ ಆಗಸ್ಟಿನಲ್ಲಿ ತೆರೆದಾಗ ಮೂರೇ ರೈಲುಗಳಿದ್ದವು, ಎರಡು ರೈಲುಗಳ ನಡುವೆ 25 ನಿಮಿಷದ ಅಂತರವಿತ್ತು. ಹಾಗಾದರೆ ಒಂದು ರೈಲು ಹೋಗಿ, ತಿರುಗಿ, ಮತ್ತೆ ಹೊರಟ ಜಾಗಕ್ಕೆ ಬರುವ ಪೂರ್ಣ ಸುತ್ತಿಗೆ ಮೂರು ಗುಣಿಸು 25, ಅಂದರೆ 75 ನಿಮಿಷ. ಅದೇ ಹಳಿಯ ಮೇಲೆ ಐದು ನಿಮಿಷಕ್ಕೊಂದು ರೈಲು ಬೇಕೆಂದರೆ 75 ಭಾಗಿಸು 5, ಅಂದರೆ 15 ರೈಲು ಬೇಕು. ದುರಸ್ತಿಗೆಂದು ಡಿಪೋದಲ್ಲಿ ನಿಲ್ಲುವವು ಬೇರೆ. ಹಳಿ, ನಿಲ್ದಾಣ, ಸಿಗ್ನಲ್ ಎಲ್ಲವೂ ಸಿದ್ಧವಿದ್ದರೂ ಬೋಗಿಗಳಿಲ್ಲದಿದ್ದರೆ ಮಾರ್ಗದ ಸಾಮರ್ಥ್ಯ ನಿದ್ರಿಸುತ್ತಿರುತ್ತದೆ. ಆಟದಲ್ಲಿ ಹೊಸ ಮಾರ್ಗಕ್ಕೆ ಹಣ ಎತ್ತಿಡುವಾಗ ಹಳಿಯ ಖರ್ಚನ್ನಷ್ಟೇ ಲೆಕ್ಕ ಹಾಕಿ, ರೈಲು ಕೊಳ್ಳುವ ಹೊತ್ತಿಗೆ ಖಜಾನೆ ಬರಿದಾಗುವ ತಪ್ಪನ್ನು ನಾನು ಒಮ್ಮೆಯಲ್ಲ, ಹಲವು ಸಲ ಮಾಡಿದ್ದೇನೆ. ಈಗ ಮೊದಲು ಎಷ್ಟು ನಿಮಿಷಕ್ಕೊಂದು ರೈಲು ಬೇಕು ಎಂದು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ.

ಮೂರನೆಯ ಕುರ್ಚಿಯ ಆಟಗಳು ಎಲ್ಲರಿಗೂ ಗೊತ್ತಿರುವವು. 1989ರ ಸಿಮ್‌ಸಿಟಿಯಲ್ಲಿ ರಸ್ತೆಯನ್ನೇ ಹಾಕದೆ ಬರೀ ಹಳಿಯಿಂದ ಇಡೀ ನಗರವನ್ನು ಕಟ್ಟಬಹುದಿತ್ತು, ಏಕೆಂದರೆ ಹಳಿಯ ಮೇಲೆ ದಟ್ಟಣೆ ಎಂಬುದೇ ಆ ಆಟಕ್ಕೆ ತಿಳಿದಿರಲಿಲ್ಲ. ಫಿನ್‌ಲ್ಯಾಂಡಿನ ಕೊಲೊಸಲ್ ಆರ್ಡರ್ 2015ರಲ್ಲಿ ತಂದ ಸಿಟೀಸ್: ಸ್ಕೈಲೈನ್ಸ್ ಹಾಗಲ್ಲ. ಅದರಲ್ಲಿ ಪ್ರತಿ ನಿವಾಸಿಗೂ ಒಂದು ಮನೆ, ಒಂದು ಕೆಲಸದ ಜಾಗ ಗೊತ್ತಾಗಿರುತ್ತದೆ, ರಸ್ತೆಯಲ್ಲಿ ವಾಹನಗಳು ಕಟ್ಟಿಕೊಂಡರೆ ಅವರು ಮೆಟ್ರೋ ಹತ್ತುತ್ತಾರೆ. ಮೆಟ್ರೋ ನಷ್ಟ ತೋರಿಸಿದರೂ ಗಾಬರಿಪಡಬೇಕಿಲ್ಲ. ನಿಲ್ದಾಣದ ಸುತ್ತ ನೆಲದ ಮೌಲ್ಯ ಏರಿ, ಮನೆಗಳು ಮೇಲಿನ ದರ್ಜೆಗೆ ಹೋಗಿ, ತೆರಿಗೆ ಹೆಚ್ಚುತ್ತದೆ. ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿ ಒಂದೇ: ಸರಕು ನಿಲ್ದಾಣವನ್ನು ಹೊರ ಊರುಗಳ ಹಳಿಗೆ ಜೋಡಿಸಿದ ಕೂಡಲೇ ಅರೆಖಾಲಿ ಗೂಡ್ಸ್ ಗಾಡಿಗಳು ಸಾಲುಗಟ್ಟಿ ಬಂದು ಪ್ರಯಾಣಿಕರ ಹಳಿಯನ್ನು ಕಟ್ಟಿಹಾಕುತ್ತವೆ. ಎರಡಕ್ಕೂ ಬೇರೆಬೇರೆ ಹಳಿ ಮೊದಲಿನಿಂದಲೇ ಇರಬೇಕು.

ಮೊದಲಿನಿಂದಲೇ ಎಂಬ ಮಾತಿಗೆ ಈ ಆಟಗಳಲ್ಲಿ ಬಹಳ ತೂಕವಿದೆ. ನಮ್ಮ ಬೆಂಗಳೂರಿನ ಕಥೆಯನ್ನೇ ನೋಡಿ. ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ ರೈಲು ಬಂದದ್ದು 1864ರಲ್ಲಿ; ನಗರದೊಳಗೆ ಓಡಾಡುವುದಕ್ಕೆಂದೇ ಹಾಕಿದ ಮೆಟ್ರೋ ಬಂದದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ, 6.7 ಕಿಲೋಮೀಟರ್. ಆ ವರ್ಷದ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 84 ಲಕ್ಷ. ಊರು ಮೊದಲು ಬೆಳೆದು ಹಳಿ ಆಮೇಲೆ ಬಂದರೆ ಕಂಬದ ಮೇಲೆ ಏರಬೇಕು ಇಲ್ಲವೇ ನೆಲದಡಿಗೆ ಇಳಿಯಬೇಕು, ಎರಡೂ ದುಬಾರಿ. ಎ-ಟ್ರೈನ್‌ನಲ್ಲೂ ಹಾಗೆಯೇ: ಒಂಟಿ ಹಳಿ ಹಾಕಿ, ನಿಲ್ದಾಣ ಕಟ್ಟಿ, ಸಾಮಗ್ರಿ ಇಳಿಸಿದಿರಿ ಎಂದುಕೊಳ್ಳಿ, ಹತ್ತು ವರ್ಷಗಳ ನಂತರ ಜೋಡಿ ಹಳಿ ಬೇಕಾದಾಗ ನೋಡಿದರೆ, ನೀವು ತಂದ ಸಾಮಗ್ರಿಯಿಂದಲೇ ಎದ್ದ ಕಟ್ಟಡಗಳು ಹಳಿಗೆ ಆತುಕೊಂಡು ನಿಂತಿರುತ್ತವೆ, ಅವುಗಳನ್ನು ನೀವೇ ಏರಿಸಿದ ಬೆಲೆಗೆ ಕೊಂಡು ಕೆಡವಬೇಕಾಗುತ್ತದೆ. ಆದ್ದರಿಂದ ನಾನು ಹೊಸ ಆಟ ತೆರೆದಾಗ ಮೊದಲು ಮಾಡುವ ಕೆಲಸ ನಿಲ್ದಾಣದ ಎರಡೂ ಪಕ್ಕ ಎರಡೆರಡು ಹಳಿಯಷ್ಟು ಅಗಲದ ನೆಲವನ್ನು, ಅದು ಅಗ್ಗವಾಗಿರುವಾಗಲೇ, ಕಂಪನಿಯ ಹೆಸರಿಗೆ ಕೊಂಡು ಖಾಲಿ ಬಿಡುವುದು. ಸಾಮಗ್ರಿ ಹೊತ್ತ ಮೊದಲ ಗೂಡ್ಸ್ ಗಾಡಿ ಹೊರಡುವುದು ಅದಾದ ಮೇಲೆ.